ಕಾಲಿನ ನರ ಉಬ್ಬಿದರೆ ಕೊಯ್ಯದೆ ವಾಸಿ ಮಾಡಬಹುದಾ?

ಹುಬ್ಬಳ್ಳಿ ದುರ್ಗದಬೈಲಿನ ಅಂಗಡಿಯಲ್ಲಿ ದಿನವಿಡೀ ನಿಲ್ಲುವ ನಿಮ್ಮ ತಂದೆಯವರಿಗೆ ವೆರಿಕೋಸ್ ವೇನ್ಸ್ (ಕಾಲಿನ ರಕ್ತನಾಳ ಉಬ್ಬುವ ತೊಂದರೆ) ಇದೆ, ಕೊಯ್ಯಲೇಬೇಕಾ ಅಂತ ಕೇಳಿದ್ದೀರಿ. ಈಗ ಬಹುತೇಕರಿಗೆ ಬೇಕಾಗುವುದಿಲ್ಲ.

ಮೊದಲು ಡಾಪ್ಲರ್ ಸ್ಕ್ಯಾನ್ (ನಾಳದಲ್ಲಿ ರಕ್ತ ಹೇಗೆ ಹರಿಯುತ್ತಿದೆ ಅಂತ ನೋಡುವ ಅಲ್ಟ್ರಾಸೌಂಡ್) ಮಾಡಿಸಿ. ಇದನ್ನು ಮಾತ್ರ ಬಿಡಬೇಡಿ. ರಕ್ತ ಹಿಂದಕ್ಕೆ ಹರಿಯದಂತೆ ತಡೆಯುವ ರಕ್ತನಾಳದ ಕವಾಟ ಎಲ್ಲಿ ಸೋರುತ್ತಿದೆ, ಒಳಗೆಲ್ಲಾದರೂ ರಕ್ತ ಹೆಪ್ಪುಗಟ್ಟಿದೆಯಾ ಅನ್ನೋದು ಅದರಲ್ಲೇ ಗೊತ್ತಾಗುವುದು.

ತೊಡೆಯ ಉದ್ದದ ನಾಳವೇ ಸೋರುತ್ತಿದ್ದರೆ ಲೇಸರ್ ಅಥವಾ ರೇಡಿಯೋಫ್ರೀಕ್ವೆನ್ಸಿ (ರೇಡಿಯೋ ತರಂಗ) ಚಿಕಿತ್ಸೆ ಒಳ್ಳೆಯದು. ಮೊಣಕಾಲಿನ ಹತ್ತಿರ ಸೂಜಿ ಚುಚ್ಚಿ, ತೆಳು ನಳಿಕೆ ತೂರಿಸಿ, ನಾಳವನ್ನು ಒಳಗಿನಿಂದ ಬಿಸಿ ಮಾಡಿ ಮುಚ್ಚುತ್ತಾರೆ. ಸಾಮಾನ್ಯವಾಗಿ ಆ ಜಾಗಕ್ಕಷ್ಟೇ ಮರಗಟ್ಟುವ ಇಂಜೆಕ್ಷನ್ ಸಾಕು, ಅವತ್ತೇ ನಡೆದು ಮನೆಗೆ ಹೋಗಬಹುದು. ನಾಳ ಮುಚ್ಚಿದರೆ ರಕ್ತ ಎಲ್ಲಿಗೆ ಹೋಗುತ್ತೆ ಅಂತ ಹಲವರಿಗೆ ಭಯ. ಆಳದಲ್ಲಿರುವ ಚೆನ್ನಾಗಿರುವ ನಾಳಗಳು ಆ ಕೆಲಸ ಮಾಡುತ್ತವೆ. ಅಂಟು ಹಾಕಿ ಮುಚ್ಚುವ ವಿಧಾನವೂ ಇದೆ, ಖರ್ಚು ಜಾಸ್ತಿ. ಸಣ್ಣ ನಾಳಗಳಿಗೆ ನೊರೆಯಂಥ ಔಷಧದ ಇಂಜೆಕ್ಷನ್ ಕೊಡುತ್ತಾರೆ.

ಮುಂದೆ ಬೇರೆ ನಾಳ ಉಬ್ಬಬಹುದು, ಹಾಗಾಗಿ ನಡಿಗೆ ಬಿಡದಿರಲಿ. ಬಿಗಿ ಸಾಕ್ಸ್ ಎಷ್ಟು ದಿನ ಅಂತ ಡಾಕ್ಟರನ್ನೇ ಕೇಳಿ. ಪಾದದ ಗಿಣ್ಣಿನ ಬಳಿ ಚರ್ಮ ಕಪ್ಪಾಗಿದ್ದರೆ, ಹುಣ್ಣಾಗಿದ್ದರೆ ಸುಮ್ನೆ ಮುಲಾಮು ಹಚ್ಚುತ್ತಾ ಕೂರಬೇಡಿ. ಒಂದೇ ಕಾಲು ದಿಢೀರನೆ ಊದಿ ನೋವಾದರೆ ಅವತ್ತೇ ಕಿಮ್ಸ್‌ನಂಥ (ಈಗ ಕೆಎಂಸಿಆರ್‌ಐ) ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ.