ಗುರುಕಾರೋಣನಿಗೆ ಯಾವ ಕಾಲಮ್?

‘ಸಂಸ್ಥಾಪಕ, ಗ್ರಂಥ, ದೇವರು, ಪೂಜಾಸ್ಥಳ’ ಎಂಬ ಕಾಲಮ್‌ಗಳಿಟ್ಟು ಧರ್ಮಗಳನ್ನು ಕಲಿಸುವ ನಿಮ್ಮ ತರಗತಿಯ ಪಟ್ಟಿಯಲ್ಲಿ ಕೊಡವರ ಗುರುಕಾರೋಣ (ಕುಲದ ಮೂಲಪುರುಷ) ಆರಾಧನೆ ಕೂರುತ್ತಿಲ್ಲವೆಂದರೆ, ತೊಂದರೆ ಬಹುಶಃ ಕಾಲಮ್‌ಗಳಲ್ಲೇ ಇದೆ. ಅವು ಕ್ರೈಸ್ತ ಮತ್ತು ಇಸ್ಲಾಂ ಧರ್ಮಗಳಿಗೆ ಸಲೀಸಾಗಿ ಒಪ್ಪುತ್ತವೆ. ಹಿಂದೂ ಸಂಪ್ರದಾಯಗಳಿಗೆ ಒಬ್ಬನೇ ಸಂಸ್ಥಾಪಕನಿಲ್ಲ, ಬೌದ್ಧ ಧರ್ಮದಲ್ಲಿ ಸೃಷ್ಟಿಕರ್ತ ದೇವರಿಲ್ಲ.

ಮೊದಲು ನಂಬಿಕೆಯನ್ನು ಬದಿಗಿಟ್ಟು, ಯಾರು, ಎಲ್ಲಿ, ಯಾರೊಂದಿಗೆ ಏನು ಮಾಡುತ್ತಾರೆ ಎಂಬುದನ್ನಷ್ಟೇ ಮಕ್ಕಳಿಂದ ಬರೆಸಿ. ಸುಗ್ಗಿ ಹಬ್ಬವಾದ ಪುತ್ತರಿಯ ರಾತ್ರಿ ಒಕ್ಕದವರೆಲ್ಲ (ಒಂದೇ ಕುಲದ ಕುಟುಂಬದವರು) ಐನ್‌ಮನೆಯಲ್ಲಿ, ಅಂದರೆ ಕುಲದ ಮೂಲ ಮನೆಯಲ್ಲಿ, ದೀಪದೆದುರು ಸೇರಿ, ಗದ್ದೆಗೆ ನಡೆದು, ಗುಂಡು ಹಾರಿಸಿ ಕದಿರು ಕೊಯ್ದು, ‘ಪೊಲಿ ಪೊಲಿ ದೇವಾ’ ಎಂದು ಕೂಗುತ್ತ ಅದನ್ನು ಮನೆತುಂಬಿಸುವುದನ್ನು ವಿವರವಾಗಿ ಬರೆಸಿದರೆ, ಬೆಂಗಳೂರಿನಲ್ಲಿ ಕೆಲಸದಲ್ಲಿರುವವರೂ ಅಂದು ಊರಿಗೇಕೆ ಬರುತ್ತಾರೆಂಬ ಪ್ರಶ್ನೆ ತಾನಾಗಿ ಏಳುತ್ತದೆ. ಪವಿತ್ರವೆಂದು ಬೇರ್ಪಡಿಸಿದ ವಸ್ತುಗಳ ಸುತ್ತ ಸಮುದಾಯ ಒಂದಾಗುತ್ತದೆ ಎಂಬ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಕೈಮ್ ಅವರ ಮಾತನ್ನು ಅಲ್ಲಿ ಹೇಳಿ, ಮೊದಲೇ ಬೇಡ.

ಅನಂತರ ಅದೇ ಪ್ರಶ್ನೆಗಳನ್ನು ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚ್, ಎಮ್ಮೆಮಾಡಿನ ದರ್ಗಾ, ಕುಶಾಲನಗರದಿಂದ ಕಾವೇರಿ ದಾಟಿದರೆ ಸಿಗುವ ಬೈಲಕುಪ್ಪೆಯ ಟಿಬೆಟನ್ ಮಠಗಳ ಬಗ್ಗೆ ಕೇಳಿಸಿ. ಒಂದುಗೂಡಿಸುವ ಆಚರಣೆಯೇ ಯಾರನ್ನು ಹೊರಗಿಡುತ್ತದೆ ಎಂಬುದನ್ನೂ ಬಿಡಬೇಡಿ. ಪಠ್ಯಗಳು ಜಾರಿಕೊಳ್ಳುವುದು ಇಲ್ಲಿಯೇ.

ಪಟ್ಟಿಯನ್ನು ಕೊನೆಗೆ ತುಂಬಿಸಿ. ಕೊಡವ ಆಚರಣೆಗಳನ್ನು ಹಿಂದೂ ಸಾಲಿನಲ್ಲಿ ಬರೆಯಬೇಕೇ ಎಂಬ ಬಗ್ಗೆ ಕೊಡವರಲ್ಲೇ ಭಿನ್ನಾಭಿಪ್ರಾಯವಿರುವುದರಿಂದ, ನಾನಾದರೆ ಪ್ರತ್ಯೇಕ ಸಾಲು ಹಾಕಿಸಿ, ಕೆಳಗೆ ಎರಡೂ ವಾದಗಳನ್ನು ಒಂದೊಂದು ವಾಕ್ಯದಲ್ಲಿ ಬರೆಸುತ್ತೇನೆ.