ಸಂಜೆ ಆರರ ಮೇಲೆ: ಓದುಗರ ಪ್ರಶ್ನೆ, ನನ್ನ ಉತ್ತರ

ಕಾರ್ತಿಕ ಬಂತು ಅಂದರೆ ಈ ಅಂಕಣಕ್ಕೆ ಪತ್ರಗಳು ಜಾಸ್ತಿ. ಬೆಂಗಳೂರಲ್ಲಿ ಈಗ ಶುರುವಾಗುವ ಓಡಾಟ ರಾಮನವಮಿಯ ಕಛೇರಿಗಳು ಮುಗಿಯುವವರೆಗೂ ನಿಲ್ಲೋದಿಲ್ಲ. ಬ್ಯಾಂಕಿನ ಕೆಲಸದಲ್ಲಿ ಇದ್ದಾಗಲೂ ಸಂಜೆ ಆರರ ಮೇಲೆ ನಾನು ಮನೆಯಲ್ಲಿ ಇದ್ದದ್ದು ಕಡಿಮೆ. ಈ ಸಲ ಬಂದ ಐದು ಪ್ರಶ್ನೆಗಳು ಇಲ್ಲಿವೆ.

ಮೇಡಂ, ನಾನೂ ನನ್ನ ಮನೆಯವರೂ ಎರಡು ತಿಂಗಳಿಗೆ ಬನಶಂಕರಿಯ ಮಗನ ಮನೆಗೆ ಬರುತ್ತಿದ್ದೇವೆ. ಮಗ, ಸೊಸೆ ಇಬ್ಬರೂ ಕೆಲಸಕ್ಕೆ ಹೋಗುವವರು. ಅವರಿಗೆ ತೊಂದರೆ ಕೊಡದೆ ನಾವೇ ಹೋಗಿ ನೋಡುವಂಥದ್ದು ಏನಿದೆ? ಖರ್ಚೂ ಜಾಸ್ತಿ ಆಗಬಾರದು.
*ನಿವೃತ್ತ ಮೇಷ್ಟ್ರು, ದಾವಣಗೆರೆ*

ಸರ್, ಮಗನ ಮನೆ ಒಳ್ಳೇ ಜಾಗದಲ್ಲಿದೆ. ಬನಶಂಕರಿಯಲ್ಲಿ ಹಸಿರು ಮಾರ್ಗದ ಮೆಟ್ರೊ ಹತ್ತಿದರೆ ಐದನೇ ಸ್ಟೇಷನ್ ನ್ಯಾಷನಲ್ ಕಾಲೇಜು. ಅಲ್ಲಿ ಇಳಿದರೆ ಬಸವನಗುಡಿ.

ಮೊದಲು ಕಡಲೆಕಾಯಿ ಪರಿಷೆ. ಕಾರ್ತಿಕದ ಕೊನೆಯ ಸೋಮವಾರ, ದೊಡ್ಡ ಬಸವಣ್ಣನ ಗುಡಿ ಹತ್ತಿರ. ಈ ಜಾಗ ಹಿಂದೆ ಸುಂಕೇನಹಳ್ಳಿ, ಸುತ್ತಲೂ ಕಡಲೆಕಾಯಿ ಹೊಲ. ಬೆಳೆಗೆ ಬಾಯಿ ಹಾಕುತ್ತಿದ್ದ ಬಸವನಿಗೆ ಮೊದಲ ಫಸಲು ಕೊಡುತ್ತೇವೆ ಅಂತ ರೈತರು ಹರಕೆ ಹೊತ್ತರು ಅನ್ನೋದು ಕತೆ. ಸೋಮವಾರ ಸಂಜೆ ಅಲ್ಲಿ ಕಾಲಿಡೋಕೆ ಜಾಗ ಇರೋದಿಲ್ಲ. ಅಂಗಡಿಯವರು ಮೊದಲೇ ಬಂದು ಕೂತಿರುತ್ತಾರೆ. ಹಿಂದಿನ ಶನಿವಾರ ಬೆಳಗ್ಗೆಯೇ ಹೋಗಿಬಿಡಿ. ಮಣ್ಣು ಅಂಟಿದ ಹಸಿ ಕಾಯಿ ಒಂದು ರಾಶಿ, ಹುರಿದದ್ದು ಒಂದು ರಾಶಿ, ಪಕ್ಕದಲ್ಲಿ ಹಬೆಯಾಡುವ ಬೇಯಿಸಿದ ಕಾಯಿ. ಸೇರಲ್ಲಿ ಅಳೆದು ಚೀಲಕ್ಕೆ ಸುರಿದ ಮೇಲೆ ಒಂದು ಹಿಡಿ ಕೊಸರು ಹಾಕುತ್ತಾರೆ. ಹಾಕದಿದ್ದರೆ ಕೇಳಿ, ಸಂಕೋಚ ಬೇಡ. ಬಟ್ಟೆ ಚೀಲ ತಗೊಂಡು ಹೋಗಿ.

ಸಂಜೆಗೆ ಬಿ.ಪಿ. ವಾಡಿಯಾ ರಸ್ತೆಯ ವರ್ಲ್ಡ್ ಕಲ್ಚರ್ ಸಂಸ್ಥೆ ಇದೆ. 1945ರಿಂದ ನಡೆಯುತ್ತಿರುವ ಜಾಗ. ಭಾಷಣ, ಸಂಗೀತ, ನೃತ್ಯ, ಏನಾದರೊಂದು ಇದ್ದೇ ಇರುತ್ತದೆ, ಪ್ರವೇಶ ಉಚಿತ. ಕೆ.ಆರ್. ರಸ್ತೆಯ ಗಾಯನ ಸಮಾಜ ಅದಕ್ಕಿಂತ ಹಳೆಯದು, 1905ರದ್ದು. ಜನವರಿಯಲ್ಲಿ ಗಣರಾಜ್ಯೋತ್ಸವದ ಹೊತ್ತಿಗೆ ಲಾಲ್‌ಬಾಗ್ ಹೂವಿನ ಪ್ರದರ್ಶನ. ಅದಕ್ಕೆ ವಾರದ ನಡುವೆ, ಬೆಳಗ್ಗೆ ಹೋಗಿ. ಭಾನುವಾರ ಹೋದರೆ ಹೂವಲ್ಲ, ಮುಂದಿನವರ ಬೆನ್ನು ನೋಡಬೇಕಾಗುತ್ತದೆ. ನಿಮ್ಮ ಮನೆಯವರಿಗೆ ಆಧಾರ್ ಕಾರ್ಡ್ ಇಟ್ಟುಕೊಳ್ಳೋಕೆ ಹೇಳಿ. ಬಿಎಂಟಿಸಿ ಸಾಮಾನ್ಯ ಬಸ್ಸಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ.

ಚೌಡಯ್ಯ ಹಾಲ್ ನಿಜವಾಗಿಯೂ ಪಿಟೀಲಿನ ಆಕಾರದಲ್ಲಿದೆಯೇ?
*ಗೃಹಿಣಿ, ಹಾಸನ*

ಹೌದು. ತಂತಿ, ತಂತಿ ಬಿಗಿಸುವ ಬಿರಡೆ, ತಂತಿಗೆ ಆಸರೆಯಾಗುವ ಕುದುರೆ ಎಲ್ಲವೂ ಕಟ್ಟಡದ ಮೇಲೇ ಇವೆ. ಪಿಟೀಲು ಚೌಡಯ್ಯನವರ ನೆನಪಿಗೆ ಕಟ್ಟಿ 1980ರಲ್ಲಿ ತೆರೆದದ್ದು. ದೊಡ್ಡ ಸಭೆಯ ಕೊನೆಯ ಸಾಲಿಗೂ ನಾದ ಕೇಳಲಿ ಅಂತ ಏಳು ತಂತಿಯ ಪಿಟೀಲು ನುಡಿಸಿದವರು ಅವರು.

ಆಂಟಿ, ನಾನು ಕೆಂಗೇರಿಯ ಪಿ.ಜಿ.ಯಲ್ಲಿದ್ದು ಡಿಗ್ರಿ ಓದುತ್ತಿದ್ದೇನೆ. ನಾಟಕ ಅಂದರೆ ಆಸೆ. ಯಾವ ನಾಟಕ ಎಲ್ಲಿದೆ ಅಂತ ಗೊತ್ತಾಗುವುದು ಹೇಗೆ?
*ವಿದ್ಯಾರ್ಥಿನಿ, ಕೆಂಗೇರಿ*

ನೋಡಮ್ಮ, ದಿನಾ ಬೆಳಗ್ಗೆ ಪೇಪರಲ್ಲಿ 'ನಗರದಲ್ಲಿ ಇಂದು' ಅನ್ನೋ ಸಣ್ಣ ಅಕ್ಷರದ ಪಟ್ಟಿ ಓದು. ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರಕ್ಕೆ ಹೋದಾಗೆಲ್ಲ ಅಲ್ಲಿ ಅಂಟಿಸಿರುವ ಪೋಸ್ಟರ್‌ಗಳನ್ನು ನೋಡು. ಇವೆರಡು ಸಾಕು. ನಿನಗೆ ಹತ್ತಿರ ಅಂದರೆ ಮಲ್ಲತ್ತಹಳ್ಳಿಯ ಕಲಾಗ್ರಾಮ. ರಾಷ್ಟ್ರೀಯ ನಾಟಕ ಶಾಲೆಯ (ಎನ್‌ಎಸ್‌ಡಿ) ಬೆಂಗಳೂರು ಕೇಂದ್ರವೂ ಅಲ್ಲೇ ಇದೆ. ರವೀಂದ್ರ ಕಲಾಕ್ಷೇತ್ರದ ಹಿಂದೆ ಸಂಸ ಬಯಲು ರಂಗಮಂದಿರ, ಹನುಮಂತನಗರದಲ್ಲಿ ಕೆ.ಎಚ್. ಕಲಾಸೌಧ. ತಂಡದವರು ಬಾಗಿಲಲ್ಲೇ ಟಿಕೆಟ್ ಕೊಡುತ್ತಾರೆ. ನಾಟಕ ಮುಗಿದ ಮೇಲೆ ನಿಂತು ಅವರ ಹತ್ತಿರ ಮಾತಾಡು. ಮುಂದಿನ ನಾಟಕಕ್ಕೆ ಅವರೇ ಕರೆಯುತ್ತಾರೆ.

ಜೆ.ಪಿ. ನಗರದ ರಂಗಶಂಕರಕ್ಕೆ ಹೋಗುವುದಾದರೆ ಒಂದು ಮಾತು. ಶಂಕರ್ ನಾಗ್ ಕನಸಿನ ರಂಗಮಂದಿರ ಅದು, ಅರುಂಧತಿ ನಾಗ್ ಹಟ ಹಿಡಿದು ಕಟ್ಟಿಸಿ 2004ರಲ್ಲಿ ತೆರೆದರು. ಏಳೂವರೆ ಅಂದರೆ ಅಲ್ಲಿ ಏಳೂವರೆಯೇ. ನಂತರ ಯಾರನ್ನೂ ಒಳಗೆ ಬಿಡೋದಿಲ್ಲ. ಒಂದು ಸಲ ನನ್ನ ಬಸ್ಸು ಟ್ರಾಫಿಕ್ಕಲ್ಲಿ ಸಿಕ್ಕಿ ಮೂರು ನಿಮಿಷ ತಡವಾಯಿತು. ಟಿಕೆಟ್ ಕೈಯಲ್ಲಿತ್ತು, ಬಾಗಿಲು ಮುಚ್ಚಿತ್ತು. ಕಣ್ಣಲ್ಲಿ ನೀರೇ ಬಂತು. ಮುಂದಿನ ವಾರ ಬೇಗ ಹೋಗಿ ಒಳಗೆ ಕೂತೆ. ದೀಪ ಆರಿತು. ಕತ್ತಲಲ್ಲಿ ಒಬ್ಬ ಹುಡುಗ ಒಂದು ನಿಮಿಷ ಏನೂ ಮಾತಾಡದೆ ಬರೀ ಉಸಿರಾಡುತ್ತಾ ನಿಂತಿದ್ದ. ಆ ಉಸಿರು ನನಗೆ ಕೇಳಿಸಿತು. ಆಗ ಬಾಗಿಲು ತೆಗೆದಿದ್ದರೆ ಎಲ್ಲಾ ಹೋಗುತ್ತಿತ್ತು. ಆವತ್ತಿನಿಂದ ನನಗೆ ಆ ನಿಯಮದ ಮೇಲೆ ಬೇಜಾರಿಲ್ಲ. ಏಳಕ್ಕೇ ಹೋಗು, ಅಲ್ಲಿನ ಕೆಫೆಯಲ್ಲಿ ಅಕ್ಕಿ ರೊಟ್ಟಿ ತಿನ್ನು.

ನನಗೆ ರಾಗ ಗೊತ್ತಿಲ್ಲ, ತಾಳ ಗೊತ್ತಿಲ್ಲ. ರಾಮನವಮಿ ಕಛೇರಿಗೆ ಹೋಗೋಕೆ ಆಸೆ, ಆದರೆ ಗೊತ್ತಿರುವವರ ಮಧ್ಯೆ ಕೂರೋಕೆ ಮುಜುಗರ.
*ಆಟೊ ಚಾಲಕರು, ಶ್ರೀನಗರ*

ಅಣ್ಣ, ನಿಮ್ಮ ಪತ್ರವನ್ನು ನಾಲ್ಕು ಸಲ ಓದಿದೆ. ದಯವಿಟ್ಟು ಬನ್ನಿ. ಚಾಮರಾಜಪೇಟೆ ಕೋಟೆ ಹೈಸ್ಕೂಲು ಮೈದಾನದ ಚಪ್ಪರ ನಿಮ್ಮ ಮನೆಯಿಂದ ದೂರವಿಲ್ಲ. ಶ್ರೀರಾಮ ಸೇವಾ ಮಂಡಳಿಯವರು 1939ರಲ್ಲಿ ಶುರುಮಾಡಿದ ಉತ್ಸವ, ತಿಂಗಳಿಗೂ ಹೆಚ್ಚು ದಿನ ನಡೆಯುತ್ತದೆ. ಟಿಕೆಟ್ ತಗೊಳ್ಳದೆ ಹೊರಗೆ ನಿಂತು ಕೇಳಿದವರು ಎಷ್ಟೋ ಜನ. ನಾನೂ ಕಾಲೇಜಿನ ದಿನಗಳಲ್ಲಿ ಹಾಗೇ ಕೇಳಿದವಳು.

ತಾಳ ಒಂದನ್ನು ಈಗಲೇ ಹೇಳಿಕೊಡುತ್ತೇನೆ. ಅಂಗೈಯನ್ನು ತೊಡೆಯ ಮೇಲೆ ಒಂದು ಸಲ ತಟ್ಟಿ. ಆಮೇಲೆ ಕಿರುಬೆರಳು, ಉಂಗುರದ ಬೆರಳು, ನಡುಬೆರಳು, ಒಂದೊಂದಾಗಿ ತಾಗಿಸಿ. ನಾಲ್ಕಾಯಿತು. ಈಗ ತಟ್ಟಿ, ಕೈ ತಿರುಗಿಸಿ. ಇನ್ನೊಮ್ಮೆ ತಟ್ಟಿ, ತಿರುಗಿಸಿ. ಎಂಟಾಯಿತು. ಇದೇ ಆದಿತಾಳ. ನೀವು ಕೇಳುವ ಹಾಡುಗಳಲ್ಲಿ ತುಂಬಾ ಇದರಲ್ಲೇ ಇರುತ್ತವೆ. ಸಿಗ್ನಲ್‌ನಲ್ಲಿ ನಿಂತಾಗ ಅಭ್ಯಾಸ ಮಾಡಬಹುದು.

ಇನ್ನೊಂದು ಬೇಡಿಕೆ. ದೊಡ್ಡ ಕೃತಿ ಮುಗಿದು ಗಾಯಕರು ಸುಮ್ಮನಾದಾಗ ಮೃದಂಗ, ಘಟದವರ ತನಿ ಆವರ್ತನ, ಅಂದರೆ ಅವರಷ್ಟೇ ನುಡಿಸುವ ಭಾಗ, ಶುರುವಾಗುತ್ತದೆ. ಆಗಲೇ ಅರ್ಧ ಸಭೆ ಕಾಫಿಗೆ ಎದ್ದು ಹೋಗುತ್ತದೆ. ನನಗೆ ಹೊಟ್ಟೆ ಉರಿಯುತ್ತದೆ. ಎರಡು ಗಂಟೆ ಹೊತ್ತು ಇನ್ನೊಬ್ಬರ ಹಾಡಿಗೆ ಜೊತೆಯಾಗಿ ನುಡಿಸುತ್ತಾ ಕೂತವರು ಅವರು, ತಮ್ಮದೇ ಮಾತು ಹೇಳೋಕೆ ಸಿಗುವುದು ಅಷ್ಟೇ ಹೊತ್ತು. ಹೋದ ವರ್ಷ ಒಂದು ಕಛೇರಿಯಲ್ಲಿ ಮುಂದಿನ ಮೂರು ಸಾಲು ಖಾಲಿಯಾದದ್ದನ್ನು ಮೃದಂಗದ ಹುಡುಗ ತಲೆ ಎತ್ತಿ ನೋಡಿದ. ಮತ್ತೆ ತಲೆ ತಗ್ಗಿಸಿ ನುಡಿಸಿದ. ನೀವು ಏಳಬೇಡಿ. ಬೆರಳಲ್ಲಿ ಎಂಟು ಎಣಿಸುತ್ತಾ ಕೂತಿರಿ. ಅವರು ಎಲ್ಲೆಲ್ಲೋ ಹೋಗಿ ಕೊನೆಗೆ ನಿಮ್ಮ ಎಣಿಕೆಯ ಜೊತೆಗೇ ಬಂದು ಸೇರುತ್ತಾರೆ. ಆ ಕ್ಷಣ ರಾಗದ ಹೆಸರು ಯಾರಿಗೆ ಬೇಕು, ಅಲ್ವಾ?

ಚಿತ್ರಸಂತೆಗೆ ಹೋಗಬೇಕು ಅಂತಿದ್ದೇನೆ. ಕೊಳ್ಳುವಷ್ಟು ದುಡ್ಡಿಲ್ಲ. ಸುಮ್ನೆ ನೋಡಿ ಬಂದರೆ ಚಿತ್ರ ಬರೆದವರಿಗೆ ಬೇಜಾರಾಗುವುದಿಲ್ಲವೇ?
*ಟೈಲರ್, ತುಮಕೂರು*

ಖಂಡಿತ ಇಲ್ಲ. ಸಾಮಾನ್ಯವಾಗಿ ಜನವರಿಯ ಮೊದಲ ಭಾನುವಾರ, ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿನ ಮುಂದೆ ಇಡೀ ರಸ್ತೆ ಚಿತ್ರಗಳಿಂದ ತುಂಬಿರುತ್ತದೆ. ಒಂದೇ ದಿನ. ಬೆಳಗ್ಗೆ ಒಂಬತ್ತಕ್ಕೆ ಹೋದರೆ ಚಿತ್ರದ ಮುಂದೆ ನಿಲ್ಲೋಕೆ ಜಾಗ ಸಿಗುತ್ತದೆ. ಬರೆದವರೇ ಪಕ್ಕದಲ್ಲಿ ಕೂತಿರುತ್ತಾರೆ, ಹೇಗೆ ಮಾಡಿದಿರಿ ಅಂತ ಕೇಳಿ. ನೀವು ಬಟ್ಟೆ ಹೊಲಿಯುವವರು, ಬಣ್ಣ ಕೂಡಿಸುವುದು ನಿಮಗೆ ಅವರಷ್ಟೇ ಗೊತ್ತು. ಕಳೆದ ಸಲ ದೂರದ ಊರಿನಿಂದ ರಾತ್ರಿ ಬಸ್ಸಲ್ಲಿ ಬಂದಿದ್ದ ಒಬ್ಬರು, ಬೆಳಗ್ಗೆಯಿಂದ ಎಲ್ಲರೂ ರೇಟು ಕೇಳಿದರು ಮೇಡಂ, ಈ ನೀಲಿ ಹೇಗೆ ಬಂತು ಅಂತ ಕೇಳಿದ್ದು ನೀವೇ ಮೊದಲು ಅಂದರು. ತಮ್ಮ ಚಹಾದಲ್ಲಿ ನನಗೂ ಅರ್ಧ ಕೊಟ್ಟರು.