ಗೆಳೆಯನ ಪ್ರಸಂಗ ಚೆನ್ನಾಗಿದ್ದರೆ ನನಗೇಕೆ ಸಂಕಟ?

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಹುಡುಗನ ಒಪ್ಪಿಗೆ ಇದೆ.)

ಗದಗ ಕಡೆಯ ಹುಡುಗ. ವಯಸ್ಸು 24. ಮಂಗಳೂರಿನ ಸೆಮಿನರಿಯಲ್ಲಿ ಬಿ.ಡಿ. ಓದುತ್ತಿದ್ದ, ಅಂದರೆ ಪಾಸ್ಟರ್ ಆಗುವವರು ಓದುವ ದೇವಶಾಸ್ತ್ರದ ಪದವಿ. ಸೆಮಿನರಿ ಬಿಟ್ಟು ಊರಿಗೆ ಹೋಗಿಬಿಡಲೇ ಎಂದು ನನ್ನ ಬಳಿ ಸಲಹೆ ಕೇಳಲು ಬಂದಿದ್ದ.

ತೊಂದರೆ ಶುರುವಾಗಿದ್ದು ರೂಮ್‌ಮೇಟ್‌ನಿಂದ. ಅವನು ಪಾಸ್ಟರ್ ಮಗ. ಇಂಗ್ಲಿಷ್ ಸಲೀಸು, ಕೀಬೋರ್ಡ್ ನುಡಿಸುತ್ತಾನೆ, ಪ್ರಸಂಗಕ್ಕೆ (ಆರಾಧನೆಯಲ್ಲಿ ಮಾಡುವ ಬೋಧನೆಗೆ) ನಿಂತರೆ ಕಾಗದ ನೋಡುವುದಿಲ್ಲ. "ಅವ ಬಾಯಿ ತೆಗೆದ್ರ ಚಾಪೆಲ್ ಪೂರಾ ಸುಮ್ಮ ಕೂಡ್ತದರಿ ಮೇಡಂ. ನಾ ನಿಂತ್ರ ನನ್ನ ಮಾತಿಗೆ ಮುಂದ ಕೂತವ್ರು ನಗ್ತಾರ. ದೇವರು ನನ್ನ ಕರದೇ ಇಲ್ಲೇನೋ ಅನಸ್ತದ." ಗ್ರೀಕ್ ಭಾಷೆಯ ಪರೀಕ್ಷೆಯಲ್ಲೂ ಫೇಲಾಗಿದ್ದ.

ಮೊದಲು ನಿದ್ದೆ, ಊಟದ ಬಗ್ಗೆ ಕೇಳಿದೆ. ಸಾಯಬೇಕು ಅನಿಸುತ್ತಾ ಎಂದೂ ನೇರವಾಗಿ ಕೇಳಿದೆ. ಇಲ್ಲ ಎಂದ. ಹೌದು ಎಂದಿದ್ದರೆ ಅವತ್ತೇ ಮನೋವೈದ್ಯರ ಬಳಿ ಕರೆದೊಯ್ಯುತ್ತಿದ್ದೆ. ಅದು ಬರೀ ಪ್ರಾರ್ಥನೆ ಹೇಳಿ ಕಳಿಸುವ ವಿಷಯ ಅಲ್ಲ.

ಮಾತಾಡುತ್ತಾ ಹೋದಂತೆ ಬೇರೆಯೇ ಭಾರ ಹೊರಬಿತ್ತು. ಅಪ್ಪ ಮಗ್ಗದ ಕೆಲಸದವರು. ಊರಿನ ಸಭೆಯವರು, ಅಂದರೆ ಚರ್ಚಿನವರು, ಕೈಯಿಂದ ಹಣ ಕೂಡಿಸಿ ಇವನನ್ನು ಕಳಿಸಿದ್ದಾರೆ. ರಜೆಗೆ ಹೋದರೆ ಅಜ್ಜಿಯರು ಈಗಲೇ "ನಮ್ಮ ಅಯ್ಯನವರು" (ಪಾಸ್ಟರ್) ಅನ್ನುತ್ತಾರಂತೆ. ಪಾಸ್ಟರ್ ಮಗ ಸೋತರೆ ಅವನೊಬ್ಬ ಸೋತ ಹಾಗೆ, ತಾನು ಸೋತರೆ ಇಡೀ ಸಭೆಯ ದುಡ್ಡು ನೀರುಪಾಲು. ಇದು ಅವನ ಲೆಕ್ಕ. ಹಾಗಾಗಿ ಗೆಳೆಯನ ಪ್ರತಿ ಪ್ರಸಂಗವೂ ಇವನಿಗೆ ತೀರ್ಪಿನಂತೆ ಕೇಳುತ್ತಿತ್ತು.

ಇಂಥ ಹುಡುಗರಿಗೆ ಎಲ್ಲರೂ ಬೈಬಲ್ಲಿನ ಮೋಶೆಯ ಕಥೆ ಹೇಳುತ್ತಾರೆ. ಅವನಿಗೂ ಮಾತು ಬರುತ್ತಿರಲಿಲ್ಲ, ನೋಡು, ಅಂತ. ನಾನು ಹೇಳಲಿಲ್ಲ. ಅದನ್ನು ಕೇಳಿ ಕೇಳಿ ಅವನಿಗೆ ಸಾಕಾಗಿತ್ತು. "ನೀನೂ ಚೆನ್ನಾಗಿದ್ದೀಯ" ಎನ್ನಲೂ ಇಲ್ಲ. ಹಾಗಂದರೆ ತಕ್ಕಡಿ ಅಲ್ಲೇ ಇರುತ್ತದೆ, ತಟ್ಟೆ ಮಾತ್ರ ಸ್ವಲ್ಪ ಏರುಪೇರಾಗುತ್ತದೆ.

ಬದಲಿಗೆ ಬೈಬಲ್ಲಿನ ಒಂದನೇ ಕೊರಿಂಥ ಪತ್ರಿಕೆ ತೆಗೆದೆವು. ಅದು ಅಪೊಸ್ತಲ ಪೌಲ ಕೊರಿಂಥ ಊರಿನ ಸಭೆಗೆ ಬರೆದ ಕಾಗದ. ಪೌಲನ ನಂತರ ಅಲ್ಲಿ ಬೋಧಿಸಿದ ಅಪೊಲ್ಲೋಸ ಅಲೆಕ್ಸಾಂದ್ರಿಯದವನು, ಒಳ್ಳೆಯ ವಾಗ್ಮಿ. ಪೌಲನ ಮಾತಿನಲ್ಲಿ ಏನೂ ಇಲ್ಲ ಎಂದು ಕೊರಿಂಥದಲ್ಲಿ ಆಡಿಕೊಳ್ಳುತ್ತಿದ್ದರು. ಎರಡನೇ ಪತ್ರಿಕೆಯ 10ನೇ ಅಧ್ಯಾಯದಲ್ಲಿ ಅವನೇ ಅದನ್ನು ಬರೆದುಕೊಂಡಿದ್ದಾನೆ. ಸಭೆಯಲ್ಲಿ ನಾನು ಪೌಲನವನು, ನಾನು ಅಪೊಲ್ಲೋಸನವನು ಎಂಬ ಜಗಳ ಬೇರೆ. ನೆಟ್ಟವನು ಪೌಲ, ನೀರು ಹೊಯ್ದವನು ಅಪೊಲ್ಲೋಸ, ಬೆಳೆಸಿದವನು ದೇವರು ಎಂಬ ವಚನ ಇವನಿಗೆ ಬಾಯಿಪಾಠ. ನಾನು ತೋರಿಸಿದ್ದು ಒಂದನೇ ಪತ್ರಿಕೆಯ 16ನೇ ಅಧ್ಯಾಯದ 12ನೇ ವಚನ. ಅದೇ ಕೊರಿಂಥಕ್ಕೆ ಹೋಗು ಎಂದು ಪೌಲನೇ ಅಪೊಲ್ಲೋಸನನ್ನು ಬಹಳ ಬೇಡಿಕೊಂಡಿದ್ದ! ತನ್ನನ್ನು ಇನ್ನೊಬ್ಬನ ಪಕ್ಕ ನಿಲ್ಲಿಸಿ ಅಳೆಯುತ್ತಿದ್ದ ಊರಿಗೆ ಆ ಇನ್ನೊಬ್ಬನನ್ನೇ ಕಳಿಸಲು ನೋಡಿದ. ಹುಡುಗ ಅದನ್ನು ಮತ್ತೆ ಮತ್ತೆ ಓದಿದ. ಬಹಳ ಹೊತ್ತು ಏನೂ ಹೇಳಲಿಲ್ಲ.

ಕೊಟ್ಟ ಸಲಹೆ ಇಷ್ಟು. ದೇವರ ಕರೆ ಇದೆಯೋ ಇಲ್ಲವೋ ಎಂಬುದು ಒಂದು ಪ್ರಶ್ನೆ, ಪ್ರಸಂಗ ಮಾಡಲು ಬರುತ್ತದೋ ಇಲ್ಲವೋ ಎಂಬುದು ಇನ್ನೊಂದು. ಎರಡನ್ನೂ ಗಂಟು ಹಾಕಬೇಡ. ಎರಡನೆಯದು ಕಲಿತರೆ ಬರುತ್ತದೆ. ಗೆಳೆಯನ ಹೆಸರು ಹಿಡಿದು, ಅವನ ಮುಂದಿನ ಪ್ರಸಂಗ ಚೆನ್ನಾಗಿ ಆಗಲಿ ಎಂದು ಪ್ರಾರ್ಥಿಸು. ಮನಸ್ಸಿಗೆ ಬರದಿದ್ದರೆ ಬರುವುದಿಲ್ಲ ಎಂದು ದೇವರಿಗೇ ಹೇಳು, ನಟಿಸಬೇಡ. ಶನಿವಾರ ರಾತ್ರಿ ಮೊಬೈಲ್‌ನಲ್ಲಿ ದೊಡ್ಡ ಪ್ರಸಂಗಿಗಳನ್ನು ನೋಡುವುದು ಬಂದ್. ಮುಖ್ಯವಾಗಿ, ನಿನ್ನ ಪ್ರಸಂಗವನ್ನು ಮೊದಲು ರೂಮ್‌ಮೇಟ್‌ಗೇ ಓದಿ ತೋರಿಸಿ ತಿದ್ದಿಸಿಕೊ.

ಕೊನೆಯದು ಅವನಿಗೆ ಸುತರಾಂ ಇಷ್ಟವಾಗಲಿಲ್ಲ. ಕೆಲವು ವಾರ ಮುಂದೂಡಿದ. ಆಮೇಲೆ ಹೇಗೋ ಕೇಳಿದ. ಆಗ ಗೆಳೆಯನೂ ಒಂದು ಮಾತು ಹೇಳಿದನಂತೆ: ಆಸ್ಪತ್ರೆಯಲ್ಲಿ ರೋಗಿಗಳ ಪಕ್ಕ ಕೂತರೆ ನನಗೆ ಏನು ಮಾತಾಡಬೇಕೋ ತಿಳಿಯಲ್ಲ, ನೀನು ಸಲೀಸಾಗಿ ಕೂರುತ್ತೀಯ, ನನ್ನನ್ನೂ ಕರೆದುಕೊಂಡು ಹೋಗು. ಈಗ ಇಬ್ಬರೂ ಜೊತೆಯಲ್ಲಿ ಹೋಗುತ್ತಾರೆ.

ಹೋಲಿಕೆ ಪೂರ್ತಿ ಹೋಗಿದೆ ಎನ್ನಲಾರೆ. ಚಾಪೆಲ್‌ನಲ್ಲಿ ಚಪ್ಪಾಳೆ ಬಿದ್ದ ದಿನ ಈಗಲೂ ಚುರ್ ಅನ್ನುತ್ತದಂತೆ. ಸೆಮಿನರಿ ಬಿಡುವ ಮಾತು ಸದ್ಯಕ್ಕೆ ನಿಂತಿದೆ. ಗ್ರೀಕ್ ಮರುಪರೀಕ್ಷೆ ಇನ್ನೂ ಬಾಕಿ ಇದೆ. ರಜೆಯಲ್ಲಿ ಊರಿನ ಸಭೆಯಲ್ಲಿ ಪ್ರಸಂಗ ಮಾಡಬೇಕಂತೆ. ಅದಕ್ಕೂ ಮುಂಚೆ ಒಮ್ಮೆ ಬರುತ್ತೇನೆ ಎಂದಿದ್ದಾನೆ.